ಚೀಟಿ ಇಲ್ಲದ ಮಕ್ಕಳು: ಒಂದು ಬಡಾವಣೆಯ ಕ್ರಿಸ್ಮಸ್ ಕಾರ್ಯಕ್ರಮದ ಪ್ರಕರಣ

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ಮಕ್ಕಳಿಗಾಗಿ ಒಂದು ಕ್ರಿಸ್ಮಸ್ ಕಾರ್ಯಕ್ರಮ ನಡೆಯುತ್ತದೆ. ನಡೆಸುವವರು ಇಲ್ಲಿನ ಚಿಕ್ಕ ಕನ್ನಡ ಕ್ರೈಸ್ತ ಸಭೆಯವರು, ಅಂದರೆ ಚರ್ಚಿನವರು. ಬರುವ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಬೀದಿಯ ಎಲ್ಲ ಮನೆಗಳ ಮಕ್ಕಳೂ ಬರುತ್ತಾರೆ. ಹೊಸ ಬಟ್ಟೆ ಹಾಕಿಕೊಂಡೇ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಈ ಕಾರ್ಯಕ್ರಮದಲ್ಲಿ ಒಂದು ಗಲಾಟೆ ಆಯಿತು. ಅದಾದ ಮೇಲೆ ಕಾರ್ಯಕ್ರಮದ ರೂಪವೇ ಬದಲಾಯಿತು. ಅಲ್ಲಿ ಏನಾಯಿತು, ಸಮಿತಿ ಏನು ಯೋಚಿಸಿತು, ಹೊಸ ಏರ್ಪಾಟಿನಲ್ಲಿ ಯಾವುದು ಸರಿಹೋಯಿತು, ಯಾವುದು ಇನ್ನೂ ಸರಿಹೋಗಿಲ್ಲ, ಇದನ್ನೆಲ್ಲ ಬರೆದಿಡುವ ಪ್ರಯತ್ನ ಇದು. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಮಕ್ಕಳನ್ನು ಸೇರಿಸಿ ಏನಾದರೂ ಮಾಡುವವರಿಗೂ ಇದೇ ಕಷ್ಟ ಎದುರಾಗುತ್ತದೆ. ನಾನು ಸಮಿತಿಯಲ್ಲಿ ಅಡುಗೆ ಮತ್ತು ಸಾಮಾನಿನ ಜವಾಬ್ದಾರಿ ನೋಡಿಕೊಳ್ಳುವವರ ಜೊತೆ ಇದ್ದೇನೆ. ಹಾಗಾಗಿ ಲೆಕ್ಕ ನನಗೆ ಗೊತ್ತು.

ಹಿನ್ನೆಲೆ

ಬೆಂಗಳೂರಿನ ಕ್ರಿಸ್ಮಸ್ ಅಂದರೆ ಬ್ರಿಗೇಡ್ ರಸ್ತೆಯ ದೀಪ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, ವಿವೇಕನಗರದ ಬಾಲ ಯೇಸುವಿನ ದೇವಾಲಯ ಎಲ್ಲರಿಗೂ ನೆನಪಾಗುತ್ತವೆ. ಕನ್ನಡ ಸಭೆಗಳು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯ 1904ರದ್ದು. ಅವೆನ್ಯೂ ರಸ್ತೆಯ ಗದ್ದಲದ ನಡುವೆ ರೈಸ್ ಸ್ಮಾರಕ ದೇವಾಲಯ ಇದೆ. ಇಲ್ಲೆಲ್ಲ ಆರಾಧನೆ, ಹಾಡು, ಪ್ರಸಂಗ (ಧರ್ಮೋಪದೇಶ) ಕನ್ನಡದಲ್ಲೇ. ನಮ್ಮದು ಅದೇ ಪರಂಪರೆಯ ತೀರಾ ಚಿಕ್ಕ ಸಭೆ.

ಡಿಸೆಂಬರ್ ಬಂತೆಂದರೆ ಯೌವನಸ್ಥರ ಸಂಘದವರು ರಾತ್ರಿ ಮನೆಮನೆಗೆ ಕ್ಯಾರಲ್ಸ್ ಹಾಡುತ್ತ ಹೋಗುತ್ತಾರೆ. ಹೆಂಗಸರು ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ಕಲ್ಕಲ್, ರೋಸ್ ಕುಕ್ಕೀಸ್ ಮಾಡಿ ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಕಳಿಸುತ್ತಾರೆ. ದೀಪಾವಳಿಗೆ, ರಂಜಾನ್‌ಗೆ ಆ ಮನೆಗಳಿಂದ ತಟ್ಟೆ ವಾಪಸ್ ಬರುತ್ತದೆ. ಮಕ್ಕಳ ಕಾರ್ಯಕ್ರಮ ಹುಟ್ಟಿದ್ದು ಈ ತಟ್ಟೆಯ ಸ್ನೇಹದಿಂದಲೇ. "ನಿಮ್ಮ ಹುಡುಗರು ನಾಟಕ ಮಾಡ್ತಾರಂತೆ, ನಮ್ಮವರೂ ನೋಡ್ಲಿ ಬಿಡಿ" ಅಂತ ಪಕ್ಕದ ಮನೆಯವರು ಕೇಳಿದರು, ಹಾಗೇ ಬೆಳೆಯಿತು ಎಂದು ಹಿರಿಯರು ಹೇಳುತ್ತಾರೆ.

ಏರ್ಪಾಟಿನಲ್ಲಿ ಇಡೀ ಬೀದಿಯ ಕೈ ಇದೆ. ನವೆಂಬರ್‌ನಲ್ಲಿ ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವಕ್ಕೆ ಮಾತಾಡಿದ ಶಾಮಿಯಾನದವರೇ ಇಲ್ಲಿಗೂ ಬರುತ್ತಾರೆ. ಬೆಂಚು ಮಾರಮ್ಮನ ಗುಡಿಯ ಸಮಿತಿಯದ್ದು. ಮೊದಲೆಲ್ಲ ಕಾರ್ಯಕ್ರಮ ನಡೆಯುತ್ತಿದ್ದುದು ಕ್ರಿಸ್ಮಸ್‌ಗೆ ಮುಂಚಿನ ಶನಿವಾರ ಮಧ್ಯಾಹ್ನ. ಸರ್ಕಾರಿ ಶಾಲೆಗೆ ಅವತ್ತು ಅರ್ಧ ದಿನ ಮಾತ್ರ. ಡಿಸೆಂಬರ್ ಕೊನೆಯಲ್ಲಿ ಸಂಜೆ 6 ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಆಮೇಲೆ ಚಳಿ. ಆದ್ದರಿಂದ 3 ಗಂಟೆಗೆ ಶುರು ಮಾಡಿ ಕತ್ತಲಾಗುವ ಹೊತ್ತಿಗೆ ಮುಗಿಸುವುದು ರೂಢಿ.

ಕಾರ್ಯಕ್ರಮದ ರೂಪ ಬಹಳ ವರ್ಷ ಒಂದೇ ರೀತಿ ಇತ್ತು. ಪ್ರಾರ್ಥನೆ, ಹಾಡು, ಯೇಸು ಹುಟ್ಟಿದ ನಾಟಕ, ಡ್ಯಾನ್ಸು, ಕ್ರಿಸ್ಮಸ್ ತಾತ, ಕೊನೆಗೆ ವೇದಿಕೆ ಮೇಲೆ ಅತಿಥಿಗಳ ಕೈಯಿಂದ ಉಡುಗೊರೆ. ಉಡುಗೊರೆಯೇ ದೊಡ್ಡ ಸೆಳೆತ. ಜಾಮಿಟ್ರಿ ಬಾಕ್ಸು, ಟಿಫಿನ್ ಬಾಕ್ಸು, ಚಿಕ್ಕವರಿಗೆ ಗೊಂಬೆ. ಸಂಡೇ ಸ್ಕೂಲ್ ಟೀಚರುಗಳು ಡಿಸೆಂಬರ್ ಮೊದಲ ವಾರ ಮನೆಮನೆಗೆ ಹೋಗಿ ಮಗುವಿನ ಹೆಸರು, ವಯಸ್ಸು ಬರೆದುಕೊಂಡು ಒಂದು ಚೀಟಿ ಕೊಡುತ್ತಿದ್ದರು. ಚೀಟಿಯ ನಂಬರು ಪೊಟ್ಟಣದ ಮೇಲೂ ಇರುತ್ತಿತ್ತು. ತುಂಬಾ ಅಚ್ಚುಕಟ್ಟಾದ ಪದ್ಧತಿ. ಯಾರಿಗೂ ಹೆಚ್ಚು ಕಡಿಮೆ ಆಗಬಾರದು ಅನ್ನುವ ಪ್ರೀತಿಯಿಂದಲೇ ಅದನ್ನು ಮಾಡಿದ್ದರು.

ಗೇಟಿನಲ್ಲಿ ಆದದ್ದು

ಬೀದಿಯ ಕೊನೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಕೆಲಸ ಶುರುವಾಗಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡುಗಳು ಎದ್ದವು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳು ಅಲ್ಲಿದ್ದವು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದರು. ಟೀಚರುಗಳು ಮನೆಮನೆಗೆ ಹೋದಾಗ ಶೆಡ್ಡುಗಳಿಗೆ ಹೋಗಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ. ಪಟ್ಟಿ ಇದ್ದುದು ಬಾಗಿಲ ನಂಬರಿನ ಪ್ರಕಾರ, ಶೆಡ್ಡಿಗೆ ಬಾಗಿಲ ನಂಬರು ಎಲ್ಲಿಂದ ಬರಬೇಕು?

ಆ ಶನಿವಾರ 120 ಪೊಟ್ಟಣ ಸಿದ್ಧವಾಗಿದ್ದವು. ಮೈಕಿನಲ್ಲಿ ಹಾಡು ಶುರುವಾಗುತ್ತಲೇ ಶೆಡ್ಡಿನ ಮಕ್ಕಳು ಗುಂಪಾಗಿ ಬಂದರು. ಮುಂದೆ ಒಬ್ಬ ಹುಡುಗಿ, ಹತ್ತು ವರ್ಷ ಇರಬಹುದು, ಸೊಂಟದ ಮೇಲೆ ತಮ್ಮ. ಗೇಟಿನಲ್ಲಿ ಚೀಟಿ ನೋಡುತ್ತಿದ್ದ ಕಾಲೇಜು ಹುಡುಗನಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. "ಚೀಟಿ ಎಲ್ಲಮ್ಮ?" ಅಂದ. ಅವಳು "ಚೀಟಿ ಇಲ್ರೀ ಅಣ್ಣಾ. ನಾವ್ ನಿಂತ್ಕಂಡು ನೋಡ್ತೀವ್ರಿ, ಏನೂ ಬ್ಯಾಡ್ರಿ" ಅಂದಳು.

ಅವನು ಒಳಗೆ ಬಿಟ್ಟ. ಅದು ಸರಿಯಾದ ಕೆಲಸ. ಆದರೆ ಉಡುಗೊರೆಯ ಸಮಯ ಬಂದಾಗ ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ನಂಬರು ಕೂಗಿದ ಹಾಗೆ ಒಬ್ಬೊಬ್ಬರೇ ವೇದಿಕೆಗೆ ಹೋದರು. ಹಿಂದೆ ನಿಂತ ಮಕ್ಕಳು ಸುಮ್ಮನೆ ನೋಡುತ್ತಿದ್ದರು. ಆ ಹೊತ್ತಿಗೆ ಕ್ರಿಸ್ಮಸ್ ತಾತನ ವೇಷದವರು ಸಮಾಧಾನ ಮಾಡಲಿಕ್ಕೆಂದು ವೇದಿಕೆಯಿಂದ ಹಿಡಿ ಹಿಡಿ ಚಾಕೊಲೇಟು ಎಸೆದರು. ಹಿಂದಿನವರು ಮುಂದೆ ನುಗ್ಗಿದರು, ಮುಂದಿನವರು ಬಗ್ಗಿದರು. ಬೆಂಚು ಮಗುಚಿ ಒಬ್ಬ ಹುಡುಗನ ಬೆರಳು ಸಿಕ್ಕಿಹಾಕಿಕೊಂಡಿತು, ಮೂರ್ನಾಲ್ಕು ಮಕ್ಕಳ ಮೊಣಕಾಲು ತರಚಿತು. ಗಟ್ಟಿಯಾಗಿ ಅಳು. ಪೊಟ್ಟಣ ಸಿಕ್ಕ ಮಕ್ಕಳ ತಾಯಂದಿರು ಪೊಟ್ಟಣ ಅವಚಿಕೊಂಡು ಮಕ್ಕಳನ್ನು ಎಳೆದುಕೊಂಡು ಹೊರಟರು. ದೊಡ್ಡ ಅನಾಹುತ ಆಗಲಿಲ್ಲ. ಆದರೆ ಶಾಮಿಯಾನದ ಕೆಳಗೆ, ಅಷ್ಟು ಇಕ್ಕಟ್ಟಿನಲ್ಲಿ, ಆಗಬಹುದಿತ್ತು.

ಸಮಿತಿ ಸಭೆ

ಹೊಸ ವರ್ಷ ಕಳೆದ ಮೇಲೆ ಸಮಿತಿ ಕುಳಿತಿತು. ಮೊದಲು ಬಂದ ಸಲಹೆ ಎಲ್ಲ ಕಡೆ ಬರುವಂಥದ್ದೇ. ಗೇಟು ಬಿಗಿ ಮಾಡೋಣ, ಬಣ್ಣದ ಬ್ಯಾಂಡ್ ಕಟ್ಟೋಣ, ಚೀಟಿ ಇಲ್ಲದೆ ಒಳಗೆ ಬಿಡೋದು ಬೇಡ. ಇದನ್ನು ಹೇಳಿದವರು ಕೆಟ್ಟವರಲ್ಲ. ಪೆಟ್ಟಾದ ಮಗುವಿನ ಮನೆಗೆ ಹೋಗಿ ಮಾತು ಕೇಳಿಸಿಕೊಂಡು ಬಂದವರು ಅವರೇ.

ಎರಡನೆಯ ಸಲಹೆ: ಐವತ್ತು ಪೊಟ್ಟಣ ಜಾಸ್ತಿ ಮಾಡಿಸಿ ಇಟ್ಟುಕೊಳ್ಳೋಣ. ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ಆದರೆ ಎಷ್ಟು ಜಾಸ್ತಿ ಮಾಡಿದರೂ ಕೊನೆಗೆ ಬರುವ ಮಗುವಿಗೆ ಸಾಲದೆ ಹೋಗಬಹುದು. ಜಾಮಿಟ್ರಿ ಬಾಕ್ಸನ್ನು ಇಬ್ಬರಿಗೆ ಹಂಚೋಕಾಗಲ್ಲ. ವಯಸ್ಸಿಗೆ ತಕ್ಕ ಪೊಟ್ಟಣ ಅಂದರೆ ಇನ್ನೂ ಕಷ್ಟ, ಹನ್ನೆರಡು ವರ್ಷದವನಿಗೆ ಗಿಲಕಿ ಸಿಕ್ಕರೆ ಅವನಿಗೆ ಅವಮಾನ.

ಆಗ ಮಾತಾಡಿದ್ದು ನಿವೃತ್ತರಾದ ಒಬ್ಬ ಸಂಡೇ ಸ್ಕೂಲ್ ಟೀಚರು. ಎಲ್ಲರೂ ಅವರನ್ನು ಈಗಲೂ ಮಿಸ್ ಅಂತಲೇ ಕರೆಯುತ್ತೇವೆ. "ನಮ್ಮ ನಾಟಕದಲ್ಲಿ ಪ್ರತಿ ವರ್ಷ ಛತ್ರದವನ ಪಾತ್ರ ಮಾಡಿಸ್ತೀವಿ. ಬಸುರಿ ಹೆಂಗಸು ಬಾಗಿಲಿಗೆ ಬಂದಿದ್ದಾಳೆ, ಅವನು ಜಾಗ ಇಲ್ಲ ಅಂತಾನೆ. ಮಕ್ಕಳು ಅದನ್ನು ಬಾಯಿಪಾಠ ಮಾಡ್ತಾರೆ. ಅದೇ ಹೊತ್ತಿಗೆ ಗೇಟಲ್ಲಿ ನಾವು ಚೀಟಿ ಕೇಳ್ತಾ ಇದ್ವಿ" ಅಂದರು. ಲೂಕನ ಸುವಾರ್ತೆಯ ಆ ಭಾಗ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಛತ್ರದಲ್ಲಿ ಸ್ಥಳವಿಲ್ಲದೆ ಮಗುವನ್ನು ಗೋದಲಿಯಲ್ಲಿ, ಅಂದರೆ ದನದ ಮೇವಿನ ತೊಟ್ಟಿಯಲ್ಲಿ, ಮಲಗಿಸಿದ ಮಾತು. ಮಿಸ್ ಯಾರ ಮೇಲೂ ಬೆರಳು ತೋರಿಸಲಿಲ್ಲ. ಆದರೆ ಗೇಟು ಬಿಗಿ ಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಲ್ಲಿಂದ ಪ್ರಶ್ನೆ ಬದಲಾಯಿತು. ಎಷ್ಟು ಮಕ್ಕಳು ಬರುತ್ತಾರೆ ಅಂತ ಗೊತ್ತಿಲ್ಲದೆಯೂ ನಡೆಸಬಹುದಾದ ಕಾರ್ಯಕ್ರಮ ಯಾವುದು? ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಬರುವವರನ್ನು ಸಾಮಾನಿಗೆ ಹೊಂದಿಸುವುದನ್ನು ಬಿಟ್ಟು, ಬರುವವರಿಗೆ ಹೊಂದಿಕೊಳ್ಳುವ ಸಾಮಾನು ಹುಡುಕಲಿಕ್ಕೆ ಹೊರಟೆವು.

ಬದಲಾದದ್ದು

ಉಡುಗೊರೆಯ ಜಾಗಕ್ಕೆ ನಕ್ಷತ್ರ ಬಂತು. ಡಿಸೆಂಬರ್‌ನಲ್ಲಿ ಕ್ರೈಸ್ತರ ಮನೆ ಮುಂದೆ ತೂಗುವ ನಕ್ಷತ್ರ ಈಗ ಹೆಚ್ಚಾಗಿ ಅಂಗಡಿಯದ್ದು, ಮಡಚಿ ಬಿಚ್ಚುವ ಕಾಗದದ್ದು. ಮೊದಲು ಮನೆಯಲ್ಲೇ ಬಿದಿರಿನಿಂದ ಕಟ್ಟುತ್ತಿದ್ದರು. ಅದನ್ನು ಕಟ್ಟಲು ಬರುವ ಹಿರಿಯರು ಸಭೆಯಲ್ಲಿ ಇನ್ನೂ ಇದ್ದರು.

ಕೆಲಸ ಹೀಗೆ. ಒಂದೊಂದು ಅಡಿ ಉದ್ದದ ಐದು ಬಿದಿರು ಕಡ್ಡಿ ಸೇರಿಸಿ ಒಂದು ಐದು ಮೂಲೆಯ ನಕ್ಷತ್ರ ಕಟ್ಟಬೇಕು. ಅಂಥದ್ದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ದಾರದಿಂದ ಬಿಗಿಯಬೇಕು. ಈಗ ಅದು ಚಪ್ಪಟೆ. ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಎರಡು ನಕ್ಷತ್ರಗಳ ನಡುವೆ ಎರಡಿಂಚಿನ ತುಂಡು ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿಕೊಳ್ಳುತ್ತದೆ. ಕೊನೆಯ ತುಂಡು ಸಿಕ್ಕಿಸುವಾಗ ಇಡೀ ಚೌಕಟ್ಟು ಬಿಗಿಯಾಗಿ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು. ಆಮೇಲೆ ಬಣ್ಣದ ಗಾಳಿಪಟದ ಕಾಗದ ಅಂಟಿಸುವುದು.

ಚಿಕ್ಕ ಕೈಗಳಿಗೆ ಕಟ್ಟುವುದು ಕಷ್ಟ. ಅದಕ್ಕೇ ಯೌವನಸ್ಥರು ಬಂಬೂ ಬಜಾರಿನಿಂದ ಬಿದಿರು ತಂದು, ಸೀಳಿ, ಸಿಬಿರು ಚುಚ್ಚದ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿ, ಚೌಕಟ್ಟುಗಳನ್ನು ಮುಂಚೆಯೇ ಕಟ್ಟಿಟ್ಟರು. ಉಬ್ಬಿಸುವ ತುಂಡು ಕಡ್ಡಿ ಮತ್ತು ಕಾಗದ ಮಕ್ಕಳ ಪಾಲಿಗೆ. ಅಂಟು ನಮ್ಮ ಅಡುಗೆ ಮನೆಯಲ್ಲೇ ತಯಾರಾಯಿತು, ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದ ಹಳೇ ಅಂಟು. ಹುಳ ಬರದಿರಲಿ ಅಂತ ಕೆಲವರು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಬೆರಳು ನೆಕ್ಕುತ್ತವೆ, ನಾವು ಹಾಕಲಿಲ್ಲ. ಒಳಗೆ ಮಿಣುಕು ದೀಪ ಇಡೋಣ ಅಂತ ಒಬ್ಬರು ಚೆನ್ನಾದ ಯೋಚನೆ ಕೊಟ್ಟಿದ್ದರು. ಅದರಲ್ಲಿ ಗುಂಡಿಯಂಥ ಚಿಕ್ಕ ಬ್ಯಾಟರಿ ಇರುತ್ತದೆ, ಮಗು ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ. ಅದನ್ನೂ ಬಿಟ್ಟೆವು. ಮೇಣದಬತ್ತಿಯ ಮಾತಂತೂ ಇಲ್ಲವೇ ಇಲ್ಲ.

ಚೌಕಟ್ಟು ಸಾಲದಿದ್ದರೆ ಇಬ್ಬರು ಒಂದೇ ನಕ್ಷತ್ರ ಮಾಡಬಹುದು. ಅಕ್ಕ ತಮ್ಮ ಸೇರಿ ಮಾಡಬಹುದು. ತೀರಾ ಚಿಕ್ಕವರಿಗೆ ಹಳೇ ರಟ್ಟಿನ ಡಬ್ಬಿಗಳಿಂದ ಕತ್ತರಿಸಿದ ನಕ್ಷತ್ರ ಇತ್ತು, ಅದಕ್ಕೆ ಕಾಗದದ ಚೂರು ಅಂಟಿಸುವುದು. ರಟ್ಟು ಎಷ್ಟು ಬೇಕಾದರೂ ಸಿಗುತ್ತದೆ, ಎದುರಿನ ದಿನಸಿ ಅಂಗಡಿಯವರು ಕೇಳುವ ಮೊದಲೇ ಕೊಟ್ಟರು.

ಎರಡನೆಯದು ಊಟ. ಮೊದಲು ಸಮೋಸ, ಕೇಕು, ಬಿಸ್ಕತ್ತು ಸೇರಿಸಿ ಚೀಟಿಯ ಲೆಕ್ಕದಲ್ಲೇ ಬಾಕ್ಸು ಮಾಡಿಸುತ್ತಿದ್ದೆವು. ಈಗ ತರಕಾರಿ ಪಲಾವ್ ಮತ್ತು ಮೊಸರು ಬಜ್ಜಿ. 1 ಕೆಜಿ ಅಕ್ಕಿಗೆ ಹತ್ತು ಜನ ದೊಡ್ಡವರು ಅನ್ನುವುದು ನಮ್ಮ ಲೆಕ್ಕ. ಮಕ್ಕಳಾದರೆ ಇನ್ನಷ್ಟು ಜನಕ್ಕೆ ಆಗುತ್ತದೆ. ಬಂದವರು ಜಾಸ್ತಿ ಅಂತ ಕಂಡರೆ ಪಕ್ಕದ ಒಲೆಯಲ್ಲಿ ಇನ್ನೊಂದು ಪಾತ್ರೆ ಇಡಬಹುದು, ಮುಕ್ಕಾಲು ಗಂಟೆ ಸಾಕು. ಕೇಕು ಮೊಟ್ಟೆ ಹಾಕದ್ದು, ಚಿಕ್ಕ ಚಿಕ್ಕ ತುಂಡು. ಯಾವ ಮನೆಯ ಮಗುವೂ "ನಮ್ಮಮ್ಮ ಬೈತಾರೆ" ಅಂತ ಹಿಂದೆ ಸರಿಯಬಾರದು.

ದಿನವೂ ಬದಲಾಯಿತು. ಶನಿವಾರ ಕಟ್ಟಡದ ಕೆಲಸ ಇರುತ್ತದೆ, ಭಾನುವಾರ ರಜೆ. ಭಾನುವಾರ ಮಧ್ಯಾಹ್ನ ಇಟ್ಟರೆ ಶೆಡ್ಡಿನ ಅಪ್ಪ ಅಮ್ಮಂದಿರೂ ಬರಬಹುದು. ಬೆಳಿಗ್ಗೆ ಆರಾಧನೆ ಮುಗಿಸಿಕೊಂಡು ಸಭೆಯವರು ನೇರವಾಗಿ ಕೆಲಸಕ್ಕೆ ಇಳಿಯಬೇಕಾಯಿತು. ದಣಿವು ಜಾಸ್ತಿ, ಆದರೆ ಅಪ್ಪಂದಿರು ಮಕ್ಕಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ದಾರ ಬಿಗಿಯುವುದನ್ನು ನೋಡಿದ ಮೇಲೆ ಯಾರೂ ಶನಿವಾರಕ್ಕೆ ವಾಪಸ್ ಹೋಗೋಣ ಅನ್ನಲಿಲ್ಲ. ಸೆಂಟ್ರಿಂಗ್ ಕೆಲಸದವರ ಗಂಟು ನಮ್ಮ ಗಂಟಿಗಿಂತ ಎಷ್ಟೋ ಗಟ್ಟಿ. ಮರುವರ್ಷ ಚೌಕಟ್ಟು ಕಟ್ಟಲು ಅವರಲ್ಲಿ ಇಬ್ಬರು ಮುಂಚೆಯೇ ಬಂದು ಸೇರಿಕೊಂಡರು.

ಕ್ರಿಸ್ಮಸ್ ತಾತ ವೇದಿಕೆಯಿಂದ ಕೆಳಗಿಳಿದರು. ಈಗ ಅವರು ಒಂದು ತಗ್ಗು ಬೆಂಚಿನ ಮೇಲೆ ಕೂರುತ್ತಾರೆ, ಬಂದ ಮಗುವಿನ ಕೈಗೆ ಒಂದು ಮಿಠಾಯಿ ಕೊಡುತ್ತಾರೆ. ಎಸೆಯುವುದು ಪೂರ್ತಿ ನಿಂತಿದೆ. ವೇಷ ಹಾಕುವವರು ನಮ್ಮ ಆಟೋ ಸ್ಟ್ಯಾಂಡಿನ ಒಬ್ಬ ಅಣ್ಣ. ಹತ್ತಿಯ ಗಡ್ಡ ನೋಡಿ ಒಂದೆರಡು ವರ್ಷದ ಮಕ್ಕಳು ಕಿರುಚುತ್ತವೆ. ಅವರು ತಕ್ಷಣ ಗಡ್ಡ ಕೆಳಗೆ ಮಾಡಿ "ನಾನೇ ಕಣೋ, ನಿಮ್ ಆಟೋ ಮಾಮ" ಅನ್ನುತ್ತಾರೆ, ಅಳು ನಿಲ್ಲುತ್ತದೆ.

ಸ್ವೆಟರಿನ ವಿಷಯ

ಉಡುಗೊರೆ ನಿಲ್ಲಿಸಿದ್ದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದು ಬಹಳ ನ್ಯಾಯವಾದದ್ದು. "ಕಾಗದದ ನಕ್ಷತ್ರ ಚೆನ್ನಾಗಿದೆ, ಆದ್ರೆ ಚಳಿಗೆ ನಡುಗೋ ಮಗುಗೆ ಅದನ್ನ ಹೊದಿಸೋಕಾಗುತ್ತಾ?" ಅಂತ ಒಬ್ಬ ತಾಯಿ ಕೇಳಿದರು. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ತಗಡಿನ ಶೆಡ್ಡು ಎಷ್ಟು ತಣ್ಣಗಿರುತ್ತದೆ ಅನ್ನುವುದು ಒಳಗೆ ಮಲಗಿದವರಿಗೇ ಗೊತ್ತು.

ಇದಕ್ಕೆ ದಾರಿ ತೋರಿಸಿದವರು ನಮ್ಮ ಸಭೆಯ ಪಾದ್ರಿ, ಅಯ್ಯನವರು. ಕ್ರಿಸ್ಮಸ್ ತಾತನ ಮೂಲ ಸಂತ ನಿಕೋಲಾಸ್. 4ನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಮೈರಾ ಎಂಬಲ್ಲಿ ಬಿಷಪ್ ಆಗಿದ್ದವರು. ಮೂವರು ಬಡ ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಅವರ ಮನೆಯೊಳಗೆ ಹಣದ ಗಂಟು ಹಾಕಿದರು ಅನ್ನುವುದು ಅವರ ಬಗ್ಗೆ ಇರುವ ಕಥೆ. "ಅವರು ಮೈಕು ಹಿಡಿದು ಕೊಡಲಿಲ್ಲ" ಅಂದರು ಅಯ್ಯನವರು. ನಿಕೋಲಾಸರ ಹಬ್ಬ ಡಿಸೆಂಬರ್ 6.

ಹಾಗಾಗಿ ಸ್ವೆಟರು, ಕಂಬಳಿ, ಶಾಲೆಯ ಬ್ಯಾಗು ಕೊಡುವುದನ್ನು ಕಾರ್ಯಕ್ರಮದಿಂದ ಬೇರೆ ಮಾಡಿದೆವು. ಡಿಸೆಂಬರ್ ಮೊದಲ ವಾರ ಅಂಗನವಾಡಿ ಟೀಚರನ್ನೂ ಸರ್ಕಾರಿ ಶಾಲೆಯ ಮೇಷ್ಟ್ರನ್ನೂ ಕೇಳುತ್ತೇವೆ. ಯಾವ ಮಗುವಿಗೆ ಏನು ಬೇಕು, ಅಳತೆ ಎಷ್ಟು ಅಂತ ಅವರಿಗೆ ಗೊತ್ತಿರುತ್ತದೆ. ಸಾಮಾನು ಅವರ ಮೂಲಕವೇ, ಫೋಟೋ ಇಲ್ಲದೆ, ವೇದಿಕೆ ಇಲ್ಲದೆ ತಲುಪುತ್ತದೆ. ಚಳಿ ಜೋರಾಗುವ ಮೊದಲೇ ಸಿಗುವುದರಿಂದ ಉಪಯೋಗವೂ ಜಾಸ್ತಿ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಬದಲಾವಣೆ ಇದು. ಬೇಕಾದ ವಸ್ತು ಬೇಕಾದವರಿಗೆ ಹೋಗುತ್ತದೆ, ಹಬ್ಬದ ದಿನ ಎಲ್ಲ ಮಕ್ಕಳೂ ಒಂದೇ ಸಮ ಇರುತ್ತಾರೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಬೇರೆ ಧರ್ಮದ ಮಕ್ಕಳಿಗೆ ಸಭೆಯವರು ಏನಾದರೂ ಕೊಟ್ಟರೆ ಅನುಮಾನದ ಮಾತುಗಳು ಏಳುತ್ತವೆ. ನಮ್ಮ ಬೀದಿಯಲ್ಲೂ ಎದ್ದಿದ್ದವು. ಅದಕ್ಕೆ ನಾವು ಮಾಡಿದ್ದು ಇಷ್ಟು: ಏನೇನು ಇರುತ್ತದೆ ಅಂತ ಮುಂಚೆಯೇ ಮನೆಗಳಿಗೂ ಶೆಡ್ಡುಗಳಿಗೂ ಹೋಗಿ ಹೇಳಿದೆವು. ನಾಟಕ ಇದೆ, ಹಾಡಿದೆ, ಊಟ ಇದೆ, ಪ್ರಸಂಗ ಇಲ್ಲ, ದೊಡ್ಡವರು ಜೊತೆಗೇ ಬನ್ನಿ ಅಂತ. ಗುಡಿಯ ಸಮಿತಿಯವರು ಮೊದಲಿನ ಹಾಗೇ ಬೆಂಚು ಕೊಟ್ಟರು, ಬಡಿಸಲಿಕ್ಕೂ ಬಂದರು.

ಸರಿಹೋಗದೆ ಉಳಿದದ್ದು

ಮೊದಲ ವರ್ಷ ಕೆಲವು ಮಕ್ಕಳು ನಕ್ಷತ್ರ ಹಿಡಿದುಕೊಂಡೇ "ಗಿಫ್ಟ್ ಯಾವಾಗ?" ಅಂತ ಕೇಳಿದರು. ಬೇಸರ ಮಾಡಿಕೊಂಡು ಹೋದವರೂ ಇದ್ದಾರೆ. ಅವರ ಬೇಸರ ನಿಜವಾದದ್ದು, ವರ್ಷವಿಡೀ ಕಾದಿದ್ದರು. ನಿಲ್ಲಿಸುತ್ತೇವೆ ಅಂತ ಮಕ್ಕಳಿಗೆ ನೇರವಾಗಿ ಮೊದಲೇ ಹೇಳಬೇಕಿತ್ತು, ಸಮಿತಿ ದೊಡ್ಡವರಿಗೆ ಮಾತ್ರ ಹೇಳಿತ್ತು.

ಕೊಡುಗೆ ಕೊಡುವವರಲ್ಲಿ ಕೆಲವರು ಹಿಂದೆ ಸರಿದರು. ತಮ್ಮ ಕೈಯಿಂದ ಮಗುವಿಗೆ ಪೊಟ್ಟಣ ಕೊಡುವಾಗ ಸಿಗುವ ಸಂತೋಷ ಅವರಿಗೆ ದೊಡ್ಡದಿತ್ತು. ಅದನ್ನು ಕೀಳಾಗಿ ನೋಡುವುದು ತಪ್ಪು. ಅವರನ್ನು ಬಡಿಸಲಿಕ್ಕೆ ಕರೆದೆವು. ಕೆಲವರು ಬಂದರು, ಕೆಲವರು ಬರಲಿಲ್ಲ.

ದೊಡ್ಡ ಹುಡುಗರು, ಅಂದರೆ ಎಂಟನೇ ಕ್ಲಾಸು ದಾಟಿದವರು, ನಕ್ಷತ್ರಕ್ಕೆ ಒಲಿಯಲಿಲ್ಲ. ಅವರಿಗೆ ಕಾಗದ ಅಂಟಿಸುವುದು ಚಿಕ್ಕ ಮಕ್ಕಳ ಆಟ. ಸೌಂಡ್ ಸಿಸ್ಟಂ ಮತ್ತು ಗೋದಲಿಯ ದೃಶ್ಯ ಕಟ್ಟುವ ಕೆಲಸ ಅವರಿಗೆ ಬಿಟ್ಟ ಮೇಲೆ ಒಂದಿಷ್ಟು ಜನ ಉಳಿದುಕೊಂಡರು. ಹೆಣ್ಣುಮಕ್ಕಳಿಗೆ ಅಂಥದ್ದೇನೂ ಇನ್ನೂ ಹೊಳೆದಿಲ್ಲ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದರಲ್ಲೇ ಅವರ ಸಂಜೆ ಕಳೆದುಹೋಗುತ್ತದೆ. ಚಿಕ್ಕವರಿಗಾಗಿ ಒಂದು ಚಾಪೆ ಹಾಕಿ, ಹೆಂಗಸರ ಕೂಟದವರು ಸರದಿಯಲ್ಲಿ ಎರಡು ಗಂಟೆ ನೋಡಿಕೊಂಡರೆ ಆ ಹುಡುಗಿಯರ ಕೈ ಖಾಲಿಯಾಗುತ್ತದೆ. ಇದನ್ನು ನಾನೇ ಸಮಿತಿಯ ಮುಂದೆ ಇಟ್ಟಿದ್ದೇನೆ.

ಜಾಗದ ಸಮಸ್ಯೆ ಎಲ್ಲಕ್ಕಿಂತ ದೊಡ್ಡದು. ಅಡ್ಡರಸ್ತೆ ಮುಚ್ಚಲು ಪೊಲೀಸರ ಅನುಮತಿ ಬೇಕು, ಧ್ವನಿವರ್ಧಕಕ್ಕೂ ಬೇಕು. ರಾತ್ರಿ 10ರ ನಂತರ ಮೈಕು ಹಾಕುವಂತಿಲ್ಲ ಅನ್ನುವ ನಿಯಮ ನಮಗೆ ತೊಂದರೆಯೇ ಅಲ್ಲ, ನಾವು 6ಕ್ಕೇ ಮುಗಿಸುತ್ತೇವೆ. ಆದರೆ ನೆಲದ ಮೇಲೆ ಕೂತು ಕೆಲಸ ಮಾಡುವ ಮಕ್ಕಳಿಗೆ ಕುರ್ಚಿಯ ಸಾಲಿಗಿಂತ ಹೆಚ್ಚು ಜಾಗ ಬೇಕು. ಬೈಕುಗಳು ನಿಂತ ರಸ್ತೆಯಲ್ಲಿ ಅದು ಸಿಗುವುದಿಲ್ಲ.

ಸರ್ಕಾರಿ ಶಾಲೆಯ ಮೈದಾನ ಕೇಳೋಣ ಅನ್ನುವುದು ಈಗಿನ ಯೋಚನೆ. ಮುಖ್ಯೋಪಾಧ್ಯಾಯರು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಮುಂದೆ ಇಡುತ್ತೇನೆ ಅಂದಿದ್ದಾರೆ. ಮೈದಾನಕ್ಕೆ ಹೋದರೆ ಅಡುಗೆಯನ್ನೂ ಅಲ್ಲಿಗೇ ಸಾಗಿಸಬೇಕು, ಕುಡಿಯುವ ನೀರಿನ ಏರ್ಪಾಟು ಬೇರೆ ಆಗಬೇಕು. ಬೀದಿಯ ಕೊನೆಯ ಅಪಾರ್ಟ್‌ಮೆಂಟ್ ಕೆಲಸ ಮುಗಿದಿದೆ, ಶೆಡ್ಡಿನ ಕುಟುಂಬಗಳು ಎರಡು ಬೀದಿ ಆಚೆಯ ಹೊಸ ಕಟ್ಟಡದ ಹತ್ತಿರ ಹೋಗಿವೆ. ಶಾಲೆಯ ಮೈದಾನ ಅವರಿಗೆ ಹತ್ತಿರ. ದಸರಾ ರಜೆ ಮುಗಿದ ಮೇಲೆ ಸಮಿತಿ ಕೂರುತ್ತದೆ. ಬಿದಿರು ತರುವವರ ಹೆಸರು ಈಗಾಗಲೇ ಬರೆದಾಗಿದೆ.